ಸಫಾ ಮರ್ವಾ ನಡುವೆ ಮುರಿದ ಉಪವಾಸ

ಹನ್ನೆರಡನೇ ವಯಸ್ಸಿನಿಂದ ರಂಜಾನ್‌ನ ಒಂದು ಉಪವಾಸವನ್ನೂ ನಾನು ಬಿಟ್ಟವನಲ್ಲ. ಎಂಜಿನಿಯರಿಂಗ್ ಪರೀಕ್ಷೆ ಇದ್ದಾಗಲೂ ಬಿಟ್ಟಿಲ್ಲ, ಆಫೀಸಿನಲ್ಲಿ ರಾತ್ರಿಯಿಡೀ ಕೆಲಸ ಇದ್ದಾಗಲೂ ಬಿಟ್ಟಿಲ್ಲ. ಯಾರ ಮುಂದೆಯೂ ಹೇಳಿಕೊಳ್ಳದಿದ್ದರೂ ಒಳಗೊಳಗೇ ಲೆಕ್ಕ ಇಟ್ಟಿದ್ದೆ. ಉಮ್ಮನಿಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಬೇಡ ಅಂದಿದ್ದರಿಂದ ಮೂರು ವರ್ಷಗಳಿಂದ ಉಪವಾಸ ಹಿಡಿಯುತ್ತಿಲ್ಲ. ಅದರ ಬದಲಿಗೆ ದಿನಕ್ಕೊಬ್ಬ ಬಡವರ ಊಟದ ಲೆಕ್ಕದಲ್ಲಿ ಫಿದ್ಯಾ ಕೊಡುತ್ತಾರೆ. ರಂಜಾನ್ ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಕೂತು ಊಟ ಮುಗಿಸುತ್ತಿದ್ದರು. ಅದನ್ನು ನೋಡಿದಾಗ ನನ್ನ ಮನಸ್ಸಿನಲ್ಲಿ ಏನು ಬರುತ್ತಿತ್ತು ಅನ್ನೋದನ್ನು ಬರೆಯಲು ಈಗ ನಾಚಿಕೆಯಾಗುತ್ತೆ.

ಕಳೆದ ರಂಜಾನ್‌ನಲ್ಲಿ ಇಬ್ಬರೂ ಉಮ್ರಾಕ್ಕೆ ಹೊರಟೆವು. ಹಜ್ ಆದರೆ ದುಲ್‌ಹಜ್ ತಿಂಗಳ ನಿಗದಿತ ದಿನಗಳಲ್ಲೇ ಆಗಬೇಕು. ಉಮ್ರಾಕ್ಕೆ ವರ್ಷವಿಡೀ ಹೋಗಬಹುದು. ರಂಜಾನ್‌ನಲ್ಲಿ ಮಾಡಿದ ಉಮ್ರಾದ ಪುಣ್ಯ ಹಜ್‌ಗೆ ಸಮ ಎಂಬ ಹದೀಸ್ ಇರುವುದರಿಂದ ಆ ತಿಂಗಳು ವಿಪರೀತ ಜನ. ಗಂಡಸರ ಇಹ್ರಾಮ್ ಅಂದರೆ ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ, ಅಷ್ಟೇ. ಆ ಸ್ಥಿತಿಯಲ್ಲಿ ಅತ್ತರು ಹಚ್ಚುವಂತಿಲ್ಲ, ಉಗುರು ಕತ್ತರಿಸುವಂತಿಲ್ಲ, ಜಗಳವಂತೂ ಆಡಲೇಬಾರದು. ರಾತ್ರಿ ವಿಮಾನದಲ್ಲಿ ನಿದ್ದೆ ಹೋಗಿ ಸಹರಿ ತಪ್ಪಿಸಿಕೊಂಡೆ. ಉಮ್ಮ ಎರಡು ಸಲ ಎಬ್ಬಿಸಿದ್ದರಂತೆ.

ಜಿದ್ದಾದಿಂದ ಮಕ್ಕಾಕ್ಕೆ ಸುಮಾರು 80 ಕಿಲೋಮೀಟರ್. ಬಸ್ಸಿನಲ್ಲಿ ಉಮ್ಮ ಮೆಲ್ಲಗೆ ಹೇಳಿದರು, "ಪ್ರಯಾಣದಲ್ಲಿರೋರಿಗೆ ರಿಯಾಯಿತಿ ಇದೆ ಮಗಾ. ಕುರ್‌ಆನ್‌ನಲ್ಲೇ ಇದೆ, ಆಮೇಲೆ ಬೇರೆ ದಿನ ಹಿಡಿದರಾಯ್ತು."

"ಮಕ್ಕಾಕ್ಕೆ ಬಂದು ಯಾರಾದ್ರೂ ಉಪವಾಸ ಬಿಡ್ತಾರಾ?" ಅಂದುಬಿಟ್ಟೆ.

ಉಮ್ಮ ಕಿಟಕಿಯ ಕಡೆ ತಿರುಗಿದರು. ಅವರೂ ಉಪವಾಸ ಇಲ್ಲದೆಯೇ ಮಕ್ಕಾಕ್ಕೆ ಬರುತ್ತಿದ್ದಾರೆ ಅನ್ನೋದು ನನಗೆ ಹೊಳೆದದ್ದು ಹೋಟೆಲಿನಲ್ಲಿ ಬ್ಯಾಗ್ ಇಳಿಸುವಾಗ. ಕ್ಷಮೆ ಕೇಳಲಿಲ್ಲ.

ಕಾಬಾ ಕಂಡ ಕೂಡಲೇ ಕಣ್ಣೀರು ಬರುತ್ತೆ ಅಂತ ಎಲ್ಲರೂ ಹೇಳಿದ್ದರು. ಉಮ್ಮ ಬಿಕ್ಕಿಬಿಕ್ಕಿ ಅತ್ತರು. ನನಗೆ ಏನೂ ಆಗಲಿಲ್ಲ. ಏಳು ಸುತ್ತು ತವಾಫ್, ಅಪ್ರದಕ್ಷಿಣವಾಗಿ, ಪ್ರತಿ ಸುತ್ತೂ ಹಜರುಲ್ ಅಸ್ವದ್ ಇರುವ ಮೂಲೆಯಿಂದ ಶುರು. ನನ್ನ ತಲೆಯಲ್ಲಿ ಸುತ್ತಿನ ಎಣಿಕೆ ಬಿಟ್ಟು ಬೇರೇನೂ ಇರಲಿಲ್ಲ. ಆ ಬಿಸಿಲಲ್ಲೂ ಕಾಲಡಿಯ ಬಿಳಿ ಅಮೃತಶಿಲೆ ತಣ್ಣಗಿತ್ತು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ. ಉಮ್ಮ ನನ್ನ ಹೊದಿಕೆಯ ತುದಿ ಹಿಡಿದುಕೊಂಡೇ ನಡೆದರು.

ಆಮೇಲೆ ಸಈ. ಪುಟ್ಟ ಇಸ್ಮಾಯೀಲರಿಗೆ ನೀರು ಹುಡುಕುತ್ತಾ ಬೀಬಿ ಹಾಜರಾ ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ಓಡಾಡಿದ ನೆನಪಿನ ನಡಿಗೆ ಇದು. ಈಗ ಅಲ್ಲಿ ಮರಳೂ ಇಲ್ಲ, ಸುಡು ಬಿಸಿಲೂ ಇಲ್ಲ. ಎಸಿ ಹಾಕಿದ ಉದ್ದನೆಯ ಪಡಸಾಲೆ, ಒಂದು ಸಲಕ್ಕೆ ಸುಮಾರು 450 ಮೀಟರ್, ಏಳಕ್ಕೆ ಮೂರು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಡುವೆ ಹಸಿರು ದೀಪ ಇರುವ ಜಾಗದಲ್ಲಿ ಗಂಡಸರು ಓಡುನಡಿಗೆಯಲ್ಲಿ ಸಾಗಬೇಕು. ತಗ್ಗಿಗಿಳಿದಾಗ ಮಗು ಕಣ್ಣಿಗೆ ಕಾಣದೆ ಆ ತಾಯಿ ಓಡಿದ ಜಾಗವಂತೆ ಅದು. ನಾನು ಓಡಿದೆ, ಉಮ್ಮ ಹಿಂದುಳಿದರು. ಮೂರನೇ ಸಲ ಮರ್ವಾ ಇನ್ನೇನು ಬಂತು ಅನ್ನುವಾಗ ಕಣ್ಣು ಕತ್ತಲೆಯಾಯಿತು. ಗೋಡೆಗೊರಗಿ ಕುಸಿದು ಕೂತೆ.

ಎಷ್ಟು ಹೊತ್ತಾಯಿತೋ. ಉಮ್ಮ ಕಾಲೆಳೆಯುತ್ತಾ ಬಂದು, ಚೀಲದಿಂದ ಝಮ್‌ಝಮ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದರು.

"ಬೇಡ ಉಮ್ಮಾ, ಮಗ್ರಿಬ್‌ಗೆ ಇನ್ನು ಮೂರು ಗಂಟೆ. ತಡ್ಕೋತೀನಿ."

"ಹಾಜರಾ ಬೀಬಿ ಓಡಿದ್ದು ನೀರು ಬೇಕು ಅಂತ. ನೀನು ನೀರು ಬೇಡ ಅಂತ ಓಡ್ತಿದ್ದೀಯಲ್ಲ ಮಗಾ," ಅಂದರು. ಬೈಗುಳದ ದನಿಯಲ್ಲ, ಸುಸ್ತಾದವರ ದನಿ.

ಕುಡಿದೆ. ಅಳು ಬಂದದ್ದು ಆಗ.

ಉಳಿದ ನಾಲ್ಕು ಸಲ ಉಮ್ಮನ ವೇಗದಲ್ಲೇ ನಡೆದೆ, ಹಸಿರು ದೀಪದ ಕೆಳಗೂ. ಉಮ್ಮ ಬೆರಳ ತುದಿಯಷ್ಟು ಕೂದಲು ಕತ್ತರಿಸಿಕೊಂಡರು, ನಾನು ತಲೆ ಬೋಳಿಸಿದೆ. ಅಲ್ಲಿಗೆ ಉಮ್ರಾ ಮುಗಿಯಿತು.

ಸಂಜೆ ಹರಮ್‌ನ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಖರ್ಜೂರ, ಮೊಸರು, ಝಮ್‌ಝಮ್ ಲೋಟ ಇಡುತ್ತಿದ್ದರು. ಗುರುತಿಲ್ಲದ ಮುದುಕರೊಬ್ಬರು ಕೈ ಹಿಡಿದು ಕೂರಿಸಿದರು. ಖರ್ಜೂರ ಅಂಗೈಯಲ್ಲಿಟ್ಟುಕೊಂಡು ಕೂತೆ. ಸುತ್ತ ಕೂತವರ ತುಟಿ ಒಣಗಿದೆ, ನಂದು ಒಣಗಿಲ್ಲ. ಇದನ್ನು ತಿನ್ನಲು ನನಗೆ ಹಕ್ಕಿದೆಯಾ ಅಂತ ಮುಜುಗರ. ಪಕ್ಕದಲ್ಲಿ ಉಮ್ಮನೂ ಒಂದೇ ಒಂದು ಖರ್ಜೂರ ಹಿಡಿದು ಬಾಂಗ್‌ಗೆ ಕಾಯುತ್ತಿದ್ದರು. ಈ ಮುಜುಗರವನ್ನು ಅವರು ಮೂರು ರಂಜಾನ್‌ಗಳಿಂದ ಒಬ್ಬರೇ ನುಂಗಿಕೊಂಡು ಬಂದಿದ್ದಾರೆ ಅಂತ ಆಗ ಅರ್ಥವಾಯಿತು. ಬಸ್ಸಿನಲ್ಲಿ ಹಾಗಂದದ್ದು ತಪ್ಪಾಯ್ತು ಅಂದೆ. "ಬಾಂಗ್ ಆಗ್ತಿದೆ, ತಿನ್ನು," ಅಂದರು.

ಬಿಟ್ಟ ಆ ಒಂದು ಉಪವಾಸವನ್ನು ಶವ್ವಾಲ್ ತಿಂಗಳಲ್ಲಿ ಹಿಡಿದೆ. ಬುಧವಾರ, ಮನೆಯಿಂದಲೇ ಕೆಲಸ. ಮಧ್ಯಾಹ್ನ ಒಂದೂವರೆಗೆ ಉಮ್ಮ ಅನ್ನದ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದರು. ನನ್ನ ಲ್ಯಾಪ್‌ಟಾಪನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನನ್ನೆದುರಿಗೇ ಕೂತು ಊಟ ಮಾಡಿದರು.