ಅರ್ಧ ಚಮಚ
ಮಗನಿಗೆ 4 ವರ್ಷ. ಸೆರೆಬ್ರಲ್ ಪಾಲ್ಸಿ. ನೆಟ್ಟಗೆ ಕೂರಿಸಿಕೊಂಡೇ ರಾಗಿ ಸರಿ ತಿನ್ನಿಸಬೇಕು. ಅರ್ಧ ಚಮಚ, ನುಂಗಿದ್ದು ಖಾತ್ರಿಯಾದ ಮೇಲೆ ಇನ್ನರ್ಧ. ಅವಸರ ಮಾಡಿದರೆ ನೆತ್ತಿಗೇರುತ್ತದೆ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಇಷ್ಟು ದಿನ ಅಮ್ಮ ನೋಡಿಕೊಂಡಳು. ಈಗ ಅವಳ ಮಂಡಿ ಕೇಳುತ್ತಿಲ್ಲ. ನನ್ನ ಪ್ರಬಂಧ ಸಲ್ಲಿಕೆಗೆ ಉಳಿದಿರುವುದು 7 ತಿಂಗಳು.

ಮನೆಗೇ ಬಂದು ನೋಡಿಕೊಳ್ಳುವವರಿಗಾಗಿ ಮೈಸೂರಿನಲ್ಲಿ ಹುಡುಕಿದೆ. ಏಜೆನ್ಸಿಯೊಂದು ಕೇಳಿದ ಸಂಬಳ ನನ್ನ ಫೆಲೋಶಿಪ್ಪಿನ ಮುಕ್ಕಾಲು ಪಾಲು. ಅವರು ಕಳಿಸಿದಾಕೆ ಮಗುವನ್ನು ಮಲಗಿಸಿಯೇ ಉಣಿಸಲು ಹೋದಳು. ಇನ್ನೊಬ್ಬರು ಹೊಸಿಲಲ್ಲೇ ನಿಂತು, "ಪಾಪ, ಯಾವ ಜನ್ಮದ್ದೋ" ಎಂದರು. ಕಾಫಿ ಕೊಟ್ಟು ಕಳಿಸಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಹಣ ಪಡೆದೋ ಪಡೆಯದೆಯೋ ನೋಡಿಕೊಳ್ಳುವವರೆಲ್ಲ ಆರೈಕೆದಾರರೇ. 'ಪಡೆಯದೆಯೋ' ಎಂಬಲ್ಲಿಗೆ ಬಂದಾಗ ಅಮ್ಮನ ಮಂಡಿ ನೆನಪಾಯಿತು.

ಮೂರನೆಯವರು ನಮ್ಮ ಬೀದಿಯಲ್ಲಿ ಹೂ ಮಾರುವವರ ತಂಗಿ. "ಬೇಡ ಅನ್ನೋದನ್ನ ಹೆಂಗೆ ಹೇಳ್ತಾನೆ, ಮೇಡಂ?" ಎಂದು ಕೇಳಿದರು. ಎಡಕ್ಕೆ ಮುಖ ತಿರುಗಿಸುತ್ತಾನೆ ಎಂದೆ. ಆದರೂ ಮೊದಲ ವಾರವೆಲ್ಲ ಲ್ಯಾಪ್‌ಟಾಪ್ ನೆಪಮಾತ್ರಕ್ಕೆ ತೆರೆದಿಟ್ಟು, ಅಡುಗೆಮನೆಯ ಬಾಗಿಲಲ್ಲಿ ಚಮಚ ಎಣಿಸುತ್ತ ಕೂತಿದ್ದೆ. ನಿನ್ನೆ ಲೈಬ್ರರಿಗೆ ಹೋದೆ. ಎರಡು ಪುಟ ಓದಿ ಫೋನ್ ಮಾಡಿದೆ.

"ಇನ್ನೂ ಅರ್ಧ ಬಟ್ಟಲು ಐತೆ, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟರು.