ಎರಡು ಪಿನ್, ಒಂದು ಸ್ಕ್ರೂಡ್ರೈವರ್
ತಂಗಿಯ ಆರ್ಕಿಟೆಕ್ಚರ್ ಓದಿಗೆಂದು ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿದೆ. ದುಡ್ಡು ಅಪ್ಪನ ಉಳಿತಾಯದ್ದು. ಬಟನ್ ಒತ್ತಿದರೆ ಫ್ಯಾನೂ ತಿರುಗಲಿಲ್ಲ. ‘ಅಣ್ಣಾ, ಬೋರ್ಡ್ ಸುಟ್ಟೋಯ್ತಾ? ಸೋಮವಾರ ಸಬ್‌ಮಿಷನ್ ಇದೆ!’ ಅಂದಳು.

ಬೋರ್ಡಿನ ಪುಟ್ಟ ದೀಪ ಉರಿಯುತ್ತಿತ್ತು. ಅಂದರೆ ಕರೆಂಟ್ ಬರ್ತಿದೆ. 24 ಪಿನ್, 8 ಪಿನ್ ಕೇಬಲ್‌ಗಳೂ ಸರಿಯಾಗಿ ಕೂತಿದ್ದವು. ಪವರ್ ಬಟನ್ ಮಾಡೋದು ಇಷ್ಟೇ: ಬೋರ್ಡಿನ ಎರಡು ಪಿನ್‌ಗಳನ್ನು ಕ್ಷಣಕಾಲ ಸೇರಿಸೋದು. ಮ್ಯಾನ್ಯುಯಲ್ ನೋಡಿ ಆ ಪಿನ್ ಹುಡುಕಿ, ಬಟನ್ ವೈರ್ ಬಿಚ್ಚಿ, ಸ್ಕ್ರೂಡ್ರೈವರ್ ತುದಿ ತಾಗಿಸಿದೆ. ಗಿರ್ರ್ ಅಂತ ಫ್ಯಾನ್ ತಿರುಗಿತು!

ಕೆಟ್ಟಿದ್ದು ಕ್ಯಾಬಿನೆಟ್ಟಿನ ಬಟನ್ ಮಾತ್ರ. ರೀಸೆಟ್ ಬಟನ್ನಿನ ವೈರನ್ನೇ ಅಲ್ಲಿಗೆ ಸಿಕ್ಕಿಸಿದೆ, ಸಬ್‌ಮಿಷನ್ ತಪ್ಪಲಿಲ್ಲ. ದುಬಾರಿ ಬೋರ್ಡನ್ನು ಅನುಮಾನಿಸುವ ಮುಂಚೆ ಅಗ್ಗದ ಬಟನ್ ನೋಡಿ.