ಕೆಮ್ಮಿಲ್ಲದ ಹೊಗೆ

ಶ್ರಾವಣ ಹತ್ತಿರ ಬಂತೆಂದರೆ ನನಗೆ ಬತ್ತಿ ಹೊಸೆಯುವ ಕೆಲಸ ಶುರು. ಮಧ್ಯಾಹ್ನ ಪಾತ್ರೆ ಎತ್ತಿಟ್ಟು, ನಡುಮನೆಯಲ್ಲಿ ಹತ್ತಿ ಹರಡಿಕೊಂಡು ಕುಳಿತರೆ ಸಂಜೆಯ ಕಾಫಿಯವರೆಗೆ ಯಾರ ಗೊಡವೆಯೂ ಇಲ್ಲ. ಹೋದ ವರ್ಷ ಹಾಗೆ ಕುಳಿತಿದ್ದಾಗ, ಒಗೆಯಲು ತೆಗೆದಿಟ್ಟಿದ್ದ ಮಗರಾಯನ ಪ್ಯಾಂಟಿನ ಜೇಬು ನೋಡಿಲ್ಲವೆಂದು ನೆನಪಾಯಿತು. ಹಿಂದೊಮ್ಮೆ ನೂರರ ನೋಟು ಸೋಪಿನ ನೀರಿನಲ್ಲಿ ಮಿಂದಿತ್ತು. ಕೈ ಹಾಕಿದರೆ ಈ ಸಲ ಸಿಕ್ಕಿದ್ದು ನೋಟಲ್ಲ, ಒಂದು ಸಿಗರೇಟು.

ಎದೆ ಧಸಕ್ಕೆಂದಿತು. ಎರಡು ತಿಂಗಳಿಂದ ಅವನ ಶರಟಿಗೆ ಪುದೀನದ ಘಮ ಇತ್ತು. ಗಂಟಲು ನೋವಿಗೆ ಪೆಪ್ಪರಮಿಂಟು ಚೀಪುತ್ತಾನೆ ಪಾಪ, ಎಂದುಕೊಂಡಿದ್ದ ಪೆದ್ದಿ ನಾನು!

ಸಿಟ್ಟಿಗೆ ಅದರ ಬುಡವನ್ನು ಉಗುರಿನಿಂದ ಸೀಳಿದೆ. ಒಳಗೆ ಬೆಳ್ಳಗೆ, ಮೆತ್ತಗೆ, ಥೇಟ್ ನನ್ನ ಮುಂದಿದ್ದ ಹತ್ತಿಯ ಹಾಗೆ. ಅದರ ನಡುವೆ ಸಬ್ಬಕ್ಕಿ ಗಾತ್ರದ ಒಂದು ನೀಲಿ ಗುಂಡು. ಒತ್ತಿದೆ. ಟಿಕ್ಕೆಂದು ಒಡೆಯಿತು. ದೇವರ ಬತ್ತಿಗೆಲ್ಲ ಪುದೀನದ ವಾಸನೆ ಹತ್ತಿಕೊಂಡಿತು.

ಆ ಭಾನುವಾರ ನಮ್ಮ ಭಾವನವರು ಬಂದಿದ್ದರು. ಸಿಗರೇಟಿನ ಫಿಲ್ಟರ್ ಮಾಡುವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರ ನೋಡಿಕೊಂಡು ನಿವೃತ್ತರಾದವರು. ಒಂದು ದಿನವೂ ಸೇದಿದವರಲ್ಲ. ಸೀಳಿದ ತುಂಡನ್ನು ಅವರ ಮುಂದಿಟ್ಟೆ.

“ಇದು ಹತ್ತಿಯಲ್ಲಮ್ಮ, ಮರದ ತಿರುಳಿನಿಂದ ಮಾಡೋ ಸೆಲ್ಯುಲೋಸ್ ಅಸಿಟೇಟ್ ಅನ್ನೋ ನೂಲು. ಯಂತ್ರ ಇದನ್ನ ಎಳೆದು, ಗಾಳಿಯಲ್ಲಿ ಹರಡಿ, ಎಳೆ ಎಳೆ ಹಿಡಿದುಕೊಳ್ಳಲಿ ಅಂತ ಟ್ರೈಅಸಿಟಿನ್ ಅನ್ನೋ ದ್ರವ ಸಿಂಪಡಿಸುತ್ತೆ. ಆಮೇಲೆ ಕಾಗದ ಸುತ್ತಿ ಉದ್ದನೆಯ ಕಡ್ಡಿ ಮಾಡಿ ಕತ್ತರಿಸುತ್ತೆ. ನೀನು ಬತ್ತಿ ಹೊಸೆದ ಹಾಗೇ ಅನ್ನು” ಎಂದರು.

ಘಮ ಸೇರಿಸುವುದಕ್ಕೆ ದಾರಿಗಳು ಹಲವಂತೆ. ಆ ದ್ರವದಲ್ಲೇ ಕಲಸಿ ಸಿಂಪಡಿಸಬಹುದು. ಘಮದಲ್ಲಿ ನೆನೆಸಿದ ದಾರವೊಂದನ್ನು ಕಡ್ಡಿಯ ನಡುವೆ ಉದ್ದಕ್ಕೂ ಓಡಿಸಬಹುದು, ಹೂವಿನ ಮಾಲೆಯಲ್ಲಿ ನಾರು ಓಡಿದ ಹಾಗೆ. ಇಲ್ಲವೇ ಇಂಥ ಗುಂಡುಗಳನ್ನು ಒಂದು ಚಕ್ರ ಅಳತೆ ತಪ್ಪದಂತೆ ಕೂರಿಸುತ್ತಾ ಹೋಗುತ್ತದೆ. ಮೆಂಥಾಲ್ ಇಟ್ಟಲ್ಲಿ ಇರುವ ಪದಾರ್ಥವೂ ಅಲ್ಲ. ಇಂಗಿನ ಡಬ್ಬಿಯ ಪಕ್ಕ ಕಾಫಿಪುಡಿ ಇಟ್ಟರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಫಿಲ್ಟರಿಗೆ ಹಾಕಿದ್ದು ದಿನ ಕಳೆದಂತೆ ಪ್ಯಾಕಿನೊಳಗೆಲ್ಲ ಹರಡಿ ಹೊಗೆಸೊಪ್ಪಿಗೂ ಹತ್ತುತ್ತದೆ. ಗುಂಡಿನೊಳಗೆ ಮುಚ್ಚಿಟ್ಟರೆ ಸೇದುವವನು ಒಡೆಯುವ ತನಕ ಭದ್ರ. ಹುಡುಗರಿಗೆ ಆ ‘ಟಿಕ್’ ಒಂದು ಆಟ ಬೇರೆ.

“ವಿಷ ಕಡಿಮೆ ಮಾಡೋದಕ್ಕೋ ಇದು?” ಎಂದು ಕೇಳಿದೆ.

ಭಾವನವರು ತಲೆಯಾಡಿಸಿದರು. “ಕೆಮ್ಮು ಕಡಿಮೆ ಮಾಡೋದಕ್ಕೆ, ಅಷ್ಟೆ.”

ನನಗೆ ನಮ್ಮಣ್ಣನ ನೆನಪಾಯಿತು. ಹದಿನಾರರಲ್ಲಿ ಕೊಟ್ಟಿಗೆಯ ಹಿಂದೆ ನಿಂತು ಬೀಡಿ ಎಳೆದ. ಒಂದೇ ದಮ್ಮು! ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿದು, ಆ ಸದ್ದಿಗೆ ಅಪ್ಪ ಓಡಿ ಬಂದು, ಮುಂದಿನದು ನಿಮಗೇ ಗೊತ್ತು. ಅಣ್ಣ ಮತ್ತೆ ಬೀಡಿ ಮುಟ್ಟಲಿಲ್ಲ. ಅಪ್ಪನ ಏಟಿನಿಂದ ಎಂದು ನಾವು ಅಂದುಕೊಂಡಿದ್ದೆವು. ಈಗ ಅನ್ನಿಸುತ್ತದೆ, ಕೆಮ್ಮೇ ಅವನನ್ನು ಕಾಪಾಡಿತು. ಮೈಯೊಳಗೆ ದೇವರಿಟ್ಟ ಕಾವಲುಗಾರ ಅದು. ನನ್ನ ಮಗನಿಗೆ ಆ ಕೆಮ್ಮೇ ಬರಲಿಲ್ಲ. ಮೆಂಥಾಲ್ ಗಂಟಲನ್ನು ತಣ್ಣಗೆ ಮಾಡುವುದಿಲ್ಲ. ತಂಪನ್ನು ತಿಳಿಸುವ ನರಗಳನ್ನು ಕೆಣಕಿ ತಣ್ಣಗಾಯಿತೆಂದು ನಂಬಿಸುತ್ತದೆ. ಬಿಸಿ ಹೊಗೆ ಸಲೀಸಾಗಿ ಒಳಗಿಳಿಯುತ್ತದೆ.

ಇದರ ಹುಟ್ಟಿನ ಕಥೆಯಲ್ಲೂ ಒಬ್ಬ ತಾಯಿ ಇದ್ದಾಳೆ. ಅಮೆರಿಕದ ಒಹಾಯೊದಲ್ಲಿ ಲಾಯ್ಡ್ ಹ್ಯೂಸ್ ಎಂಬವನಿದ್ದ. ಉಬ್ಬಸದ ಹುಡುಗ. ಮೂಸಿ ಉಸಿರಾಡಲೆಂದು ತಾಯಿ ಮೆಂಥಾಲ್ ಹರಳು ಕೊಟ್ಟಿದ್ದಳಂತೆ. ಇವನು ಸಿಗರೇಟನ್ನು ತಂದು ಅದೇ ಡಬ್ಬಿಯಲ್ಲಿ ಬಚ್ಚಿಟ್ಟನಂತೆ. ಮಾರನೆಯ ದಿನ ಸೇದಿದರೆ ತಂಪು! 1925ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಉಸಿರಾಡಲಿ ಎಂದು ಕೊಟ್ಟದ್ದು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಸರ್ಕಾರಗಳಿಗೂ ಇದು ತಿಳಿಯದ್ದೇನಲ್ಲ. ಅಮೆರಿಕ 2009ರಲ್ಲಿ ಹಣ್ಣಿನ, ಮಿಠಾಯಿಯ ಘಮದ ಸಿಗರೇಟುಗಳನ್ನೆಲ್ಲ ನಿಷೇಧಿಸಿ, ಮೆಂಥಾಲನ್ನು ಮಾತ್ರ ಹೊರಗಿಟ್ಟಿತು. ಕೆನಡಾ 2017ರಲ್ಲಿ, ಯುರೋಪಿನ ಒಕ್ಕೂಟ 2020ರಲ್ಲಿ ಮೆಂಥಾಲಿಗೂ ಬಾಗಿಲು ಹಾಕಿದವು. ನಮ್ಮ ಬೀದಿಯ ಕೊನೆಯ ಅಂಗಡಿಯವನಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ರಾತ್ರಿ ಊಟವಾದ ಮೇಲೆ ಮಗನನ್ನು ಕೂರಿಸಿಕೊಂಡೆ. ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಹಾಳೆಯನ್ನೂ ತಿರುವಲಿಲ್ಲ.

“ಅಮ್ಮ, ಇದು ಲೈಟು ಕಣಮ್ಮ. ಗಂಟಲು ಕೂಡ ಕೆರೆಯಲ್ಲ” ಎಂದ.

“ಅದಕ್ಕೇ ಕಣೋ ನನಗೆ ಭಯ” ಎಂದೆ. ಬೈಯಲು ಕಟ್ಟಿಟ್ಟುಕೊಂಡ ಮಾತೆಲ್ಲ ಅಷ್ಟರಲ್ಲೇ ಮುಗಿದಿತ್ತು. ಸೀಳಿದ ಫಿಲ್ಟರನ್ನು ಅವನ ಅಂಗೈಯಲ್ಲಿಟ್ಟು, ಭಾವನವರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಆ ಒಡೆದ ಗುಂಡಿನ ಸಿಪ್ಪೆಯನ್ನು ಬೆರಳಲ್ಲಿ ಹೊರಳಿಸುತ್ತಾ ಕುಳಿತ. ಬಿಡುತ್ತೇನೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ಮಳೆ ಹಿಡಿದ ವಾರ ಅವನಿಗೆ ನೆಗಡಿಯಾಯಿತು. ಎಷ್ಟು ದೊಡ್ಡವನಾದರೂ “ಎದೆಗೆ ವಿಕ್ಸ್ ಹಚ್ಚಮ್ಮ” ಎನ್ನುವುದು ಅವನ ರೂಢಿ. ಡಬ್ಬಿಯ ಮುಚ್ಚಳ ತೆಗೆದೆ. ಅದೇ ಮೆಂಥಾಲಿನ ಘಮ. ಇಪ್ಪತ್ತು ವರ್ಷ ನೆಗಡಿಗೂ ಜ್ವರಕ್ಕೂ ಇದೇ ಕೈಯಿಂದ ಹಚ್ಚಿದ್ದೆ. ಒಂದು ಗಳಿಗೆ ಕೈ ತಡೆಯಿತು. ಅವನು ನನ್ನ ಮುಖ ನೋಡಿದ.

“ಮೂರು ವಾರದಿಂದ ಇಲ್ಲಮ್ಮ” ಎಂದ, ಕೇಳದೆಯೇ. ಹಿಂದೆಯೇ ಜೋರಾಗಿ ಕೆಮ್ಮಿದ.

ನಿಜವೋ ಸುಳ್ಳೋ, ತಾಯಿಯ ಮನಸ್ಸು ನಂಬಿತು. ಈಗಲೂ ಒಗೆಯುವ ಮುಂಚೆ ಜೇಬು ನೋಡುತ್ತೇನೆ, ಅದು ಬೇರೆ ಮಾತು. ಆದರೆ ಮಗನ ಕೆಮ್ಮು ಕೇಳಿ ಸಮಾಧಾನದಿಂದ ಮಲಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು.